ರಾತ್ರಿ ಒಂಬತ್ತಕ್ಕೆ ರೇಡಿಯೋದಲ್ಲಿ ಏನು ಮಾತಾಡ್ತೀರಿ?

ಕಳೆದ ಸಂಚಿಕೆಯಲ್ಲಿ ಕಲಬುರಗಿಯ ಹ್ಯಾಮ್ ರೇಡಿಯೋ ಗೆಳೆಯರ (ಲೈಸೆನ್ಸ್ ಪಡೆದು ಹವ್ಯಾಸಕ್ಕೆ ಸ್ವಂತ ರೇಡಿಯೋ ಸೆಟ್ಟಿನಲ್ಲಿ ಮಾತಾಡಿಕೊಳ್ಳುವವರ) ಬಗ್ಗೆ ಒಂದು ಚಿತ್ರ, ನಾಲ್ಕು ಸಾಲು ಬಂದಿತ್ತು. ಅದನ್ನು ನೋಡಿ ಓದುಗರು ಕೇಳಿದ ಪ್ರಶ್ನೆಗಳಿಗೆ ಆ ಗುಂಪಿನ ಹಿರಿಯರೊಬ್ಬರು ಇಲ್ಲಿ ಉತ್ತರಿಸಿದ್ದಾರೆ. ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಂಡು ನಿವೃತ್ತರಾದವರು. ಹೆಸರು ಬೇಡ ಎಂದಿದ್ದಾರೆ.

ಸರ್, ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ. ವಾಟ್ಸಾಪ್‌ನಲ್ಲಿ ಅಮೆರಿಕದವರ ಜೊತೆಗೂ ಪುಕ್ಕಟೆ ಮಾತಾಡಬಹುದು. ಹಾಗಿದ್ದೂ ನೀವು ದಿನಾ ರಾತ್ರಿ ಒಂಬತ್ತಕ್ಕೆ ರೇಡಿಯೋ ಮುಂದೆ ಕೂತು ಏನು ಮಾತಾಡ್ತೀರಿ?
– ಬಿ.ಎಸ್ಸಿ. ವಿದ್ಯಾರ್ಥಿ, ಸೇಡಂ

ಹೆಚ್ಚೇನೂ ಇಲ್ಲ ತಮ್ಮಾ. ಊಟ ಮುಗಿಸಿ ಕೂತಿರುತ್ತೇವೆ. ಒಬ್ಬರು ನೆಟ್ ನಡೆಸುತ್ತಾರೆ, ಅಂದರೆ ಹಾಜರಿ ಹಾಕುತ್ತಾರೆ. ಉಳಿದವರು ಒಬ್ಬೊಬ್ಬರಾಗಿ ಕಾಲ್‌ಸೈನ್, ಅಂದರೆ ಲೈಸೆನ್ಸಿನ ಜೊತೆ ಸಿಕ್ಕ ಗುರುತಿನ ಹೆಸರು ಹೇಳುತ್ತಾರೆ. 'ನಿಮ್ಮದು ಐದು-ಒಂಬತ್ತು, ಚೊಕ್ಕ ಕೇಳ್ತದ' ಅಂತ ಇನ್ನೊಬ್ಬರು ಹೇಳುತ್ತಾರೆ. ಐದು ಅಂದರೆ ಮಾತು ಪೂರ್ತಿ ಅರ್ಥವಾಗುತ್ತಿದೆ, ಒಂಬತ್ತು ಅಂದರೆ ಸಿಗ್ನಲ್ ಜೋರಾಗಿದೆ. ಆಮೇಲೆ ಜೇವರ್ಗಿ ರೋಡಿನ ಕಡೆ ಮಳೆ ಬಂತಾ, ನಿಮ್ಮ ಓಣಿಯಲ್ಲಿ ಕರೆಂಟ್ ಇದೆಯಾ, ಇಷ್ಟೇ. ಗುಂಪಿನಲ್ಲಿ ಗಡಿಯಾರ ರಿಪೇರಿ ಮಾಡುವ ಸಾಹೇಬರು ಒಬ್ಬರಿದ್ದಾರೆ, ಅವರದು ದಖ್ನಿ. ನಿಮ್ಮ ಸೇಡಂ ಕಡೆಯವರೊಬ್ಬರು ತೆಲುಗು ಬೆರೆಸುತ್ತಾರೆ. ನಿವೃತ್ತ ರೈಲ್ವೆ ನೌಕರರೊಬ್ಬರು ಹವಾಮಾನ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಆದರೆ ಅವರು ಒಂದು ದಿನ ಬರಲಿಲ್ಲ ಅಂದರೆ ಮರುದಿನ ಬೆಳಗ್ಗೆ ಯಾರಾದರೂ ಅವರ ಮನೆ ಕದ ಬಡಿಯುವುದು ಗ್ಯಾರಂಟಿ.

ತೊಗರಿ ಬೆಳೆ ಹೇಗಿದೆ ಅಂತ ಕೇಳಬಹುದು, ವ್ಯಾಪಾರ ಕುದುರಿಸುವ ಹಾಗಿಲ್ಲ. ಜಾಹೀರಾತು, ರಾಜಕೀಯ ಜಗಳ, ಸಿನಿಮಾ ಹಾಡು, ಇವಕ್ಕೆಲ್ಲ ನಿಯಮದಲ್ಲಿ ಜಾಗ ಇಲ್ಲ. ವಾಟ್ಸಾಪ್ ಗುಂಪುಗಳಲ್ಲಿ ಇರುವುದೆಲ್ಲ ಇಲ್ಲಿ ನಿಷಿದ್ಧ. ಅದಕ್ಕೇ ಇರಬೇಕು, ನಮ್ಮಲ್ಲಿ ಇನ್ನೂ ಯಾರೂ ಗುಂಪು ಬಿಟ್ಟು ಹೋಗಿಲ್ಲ.

ಮಗನಿಗೆ ಹದಿಮೂರು ವರ್ಷ. ಹ್ಯಾಮ್ ಆಗ್ತೀನಿ ಅಂತ ಹಟ ಹಿಡಿದಿದ್ದಾನೆ. ಪೊಲೀಸು, ಕೇಸು ಅಂತ ತಾಪತ್ರಯ ಏನಾದರೂ ಇದೆಯಾ? ಖರ್ಚೆಷ್ಟು?
– ಗೃಹಿಣಿ, ಆಳಂದ

ಲೈಸೆನ್ಸ್ ಇದ್ದರೆ ಯಾವ ತಾಪತ್ರಯವೂ ಇಲ್ಲ ತಾಯಿ. 12 ವರ್ಷ ತುಂಬಿದ ಯಾರಾದರೂ ಪರೀಕ್ಷೆ ಬರೆಯಬಹುದು. ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗ ಪರೀಕ್ಷೆ ನಡೆಸುತ್ತದೆ. ಅರ್ಜಿಯನ್ನು ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಹಾಕಬೇಕು. ರೇಡಿಯೋ ತತ್ವ ಒಂದು ಭಾಗ, ನಿಯಮಗಳು ಇನ್ನೊಂದು ಭಾಗ. ರಿಸ್ಟ್ರಿಕ್ಟೆಡ್ ದರ್ಜೆಗೆ ಇಷ್ಟೇ ಸಾಕು. ಜನರಲ್ ದರ್ಜೆ ಬೇಕಾದರೆ ಮೋರ್ಸ್, ಅಂದರೆ ಚುಕ್ಕೆ-ಗೆರೆಯ ಸಂಕೇತ ಭಾಷೆ ಕೂಡ ಕಲಿಯಬೇಕು, ನಿಮಿಷಕ್ಕೆ 8 ಪದದ ವೇಗ. ನಮ್ಮ ಕಡೆಯವರು ಹೆಚ್ಚಾಗಿ ಹೈದರಾಬಾದಿಗೆ ಹೋಗಿ ಬರೆಯುತ್ತಾರೆ. ಬೆಂಗಳೂರಿಗಿಂತ ಹತ್ತಿರ, ರೈಲೂ ಇದೆ.

ಪಾಸಾದ ಮೇಲೆ ಪೊಲೀಸ್ ಪರಿಶೀಲನೆ ಇರುತ್ತದೆ. ಪಾಸ್‌ಪೋರ್ಟಿಗೆ ಬಂದ ಹಾಗೆ ಬಂದು ಕೇಳಿ ಹೋಗುತ್ತಾರೆ, ಹೆದರಬೇಡಿ. ಲೈಸೆನ್ಸ್ ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು. ಹುಡುಗರಿಗೆ ಈ ಕಾಯುವುದೇ ಪರೀಕ್ಷೆಗಿಂತ ಕಷ್ಟ.

ಖರ್ಚಿನ ಮಾತು. ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟು ಕೆಲವೇ ಸಾವಿರಕ್ಕೆ ಸಿಗುತ್ತದೆ. ದೂರದ ಊರು, ಹೊರದೇಶ ಹಿಡಿಯುವ ಹೊಸ ಸೆಟ್ಟು ಲಕ್ಷದ ಹತ್ತಿರ ಹೋಗುತ್ತದೆ, ಅದನ್ನು ಈಗಲೇ ಕೊಡಿಸಬೇಡಿ. ಮೊದಲು ಅವನನ್ನು ನಮ್ಮಲ್ಲಿಗೆ ಕಳಿಸಿ. ಬೆಸುಗೆ ಹಾಕುವುದು ಕಲಿಯಲಿ, ಕೈ ಒಂದೆರಡು ಸಲ ಸುಟ್ಟುಕೊಳ್ಳಲಿ. ಆಮೇಲೂ ಹಟ ಉಳಿದರೆ ನೋಡೋಣ.

ಆನ್‌ಲೈನ್‌ನಲ್ಲಿ ವಾಕಿ-ಟಾಕಿ ಆರಾಮಾಗಿ ಸಿಗುತ್ತದೆ. ತರಿಸಿಕೊಂಡು ಹೊಲದಲ್ಲಿ ಬಳಸಬಹುದಾ?
– ರೈತ, ಯಾದಗಿರಿ ಜಿಲ್ಲೆ

ತರಿಸಬೇಡಿ. ಲೈಸೆನ್ಸ್ ಬೇಕಾದ ಸೆಟ್ಟನ್ನು ಲೈಸೆನ್ಸ್ ಇಲ್ಲದೆ ಬಳಸುವುದು ಅಪರಾಧ. ಹೀಗೆ ಬೇಕಾಬಿಟ್ಟಿ ಮಾರುತ್ತಿದ್ದ ಆನ್‌ಲೈನ್ ಅಂಗಡಿಗಳಿಗೆ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ ನೋಟಿಸ್ ಕೊಟ್ಟಿದೆ. ಹ್ಯಾಮ್ ಲೈಸೆನ್ಸ್ ತೆಗೆದುಕೊಂಡರೂ ಹೊಲದ ಆಳುಗಳಿಗೆ ಕೆಲಸ ಹೇಳಲು ಅದು ನಡೆಯುವುದಿಲ್ಲ. ಆ ಕೆಲಸಕ್ಕೆ ಮೊಬೈಲೇ ಸರಿ.

ಭೀಮಾ ಪ್ರವಾಹ ಬಂದಾಗ ನಿಮ್ಮ ರೇಡಿಯೋದವರು ಏನಾದರೂ ಮಾಡಿದಿರಾ? ಸಂಕಟಕಾಲದಲ್ಲಿ ಹ್ಯಾಮ್ ರೇಡಿಯೋ ಒಂದೇ ಆಸರೆ ಅಂತ ಎಲ್ಲ ಕಡೆ ಬರೆಯುತ್ತಾರೆ, ಅದಕ್ಕೆ ಕೇಳಿದೆ.
– ನಿವೃತ್ತ ಶಿಕ್ಷಕ, ಜೇವರ್ಗಿ

ಮಾಸ್ತರೇ, ಒಳ್ಳೆಯ ಪ್ರಶ್ನೆ. 2020ರ ಅಕ್ಟೋಬರಿನಲ್ಲಿ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿದಾಗ ಜನರನ್ನು ಹೊರಗೆ ತಂದದ್ದು ಎನ್‌ಡಿಆರ್‌ಎಫ್‌ನವರು, ಸೇನೆಯವರು, ಮತ್ತೆ ಹಳ್ಳಿಯ ಹುಡುಗರು. ನಾವು ದೊಡ್ಡ ಸಾಹಸ ಮಾಡಿದೆವು ಅಂತ ಎದೆ ತಟ್ಟಿಕೊಳ್ಳುವ ಹಾಗಿಲ್ಲ. ಮೊಬೈಲ್ ನಡೆಯುವ ತನಕ ನಮ್ಮನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಆದರೆ 1993ರ ಸೆಪ್ಟೆಂಬರ್ 30 ನೆನಪಿಸಿಕೊಳ್ಳಿ. ಗಣಪತಿ ಕಳಿಸಿ ಜನ ಮಲಗಿದ್ದರು. ನಸುಕಿನ ನಾಲ್ಕರ ಹೊತ್ತಿಗೆ ಭೂಕಂಪಕ್ಕೆ ಕಿಲ್ಲಾರಿ ನೆಲಸಮ. ನಮ್ಮ ಆಳಂದ ದಾಟಿ ಉಮರ್ಗಾ ಮೇಲೆ ಹೋದರೆ ಸಿಗುವ ಊರು ಅದು. ಕಲಬುರಗಿಯಲ್ಲೂ ಪಾತ್ರೆಗಳು ಗಡಗಡ ಅಂದಿದ್ದವು. ಒಂಬತ್ತು ಸಾವಿರಕ್ಕೂ ಮೇಲ್ಪಟ್ಟು ಜನ ಹೋದರು. ಮೊಬೈಲ್ ಅನ್ನುವುದೇ ಇಲ್ಲದ ಕಾಲ, ಇದ್ದ ಫೋನ್ ಲೈನೂ ಬಿದ್ದಿತ್ತು. ಆಗ ಹ್ಯಾಮ್‌ಗಳು ಅಲ್ಲಿ ಹೋಗಿ ಸೆಟ್ಟು ಹೂಡಿ ಸಂದೇಶ ಸಾಗಿಸಿದರು. 2004ರ ಸುನಾಮಿ ಹೊತ್ತಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ಅವರ ತಂಡ ಪೋರ್ಟ್ ಬ್ಲೇರ್‌ನಲ್ಲಿತ್ತು. ಅವರು ಹೋಗಿದ್ದದ್ದು ಹವ್ಯಾಸಕ್ಕೆ, ಅಂಡಮಾನಿನಿಂದ ಪ್ರಪಂಚದ ಹ್ಯಾಮ್‌ಗಳ ಜೊತೆ ಮಾತಾಡಲು. ಡಿಸೆಂಬರ್ 26ರ ಬೆಳಗ್ಗೆ ಅದೇ ಸೆಟ್ಟು ದ್ವೀಪದವರ ಸುದ್ದಿಯನ್ನು ಮುಖ್ಯಭೂಮಿಗೆ ತಲುಪಿಸತೊಡಗಿತು.

ಗಮನಿಸಿದಿರಾ? ಸೆಟ್ಟು ಮೊದಲೇ ಅಲ್ಲಿತ್ತು, ಆಂಟೆನಾ ಕಟ್ಟಿಯಾಗಿತ್ತು, ಕೂತವರಿಗೆ ಕೈ ಪಳಗಿತ್ತು. ಸಂಕಟಕಾಲಕ್ಕೆ ಅಂತ ಸೆಟ್ಟು ಕೊಂಡು ಬೀರುವಿನಲ್ಲಿ ಇಟ್ಟರೆ ಆ ದಿನ ಬ್ಯಾಟರಿ ಸತ್ತಿರುತ್ತದೆ, ಕನೆಕ್ಟರ್ ಕಿಲುಬು ಹಿಡಿದಿರುತ್ತದೆ. ನಮ್ಮ ಒಂಬತ್ತು ಗಂಟೆಯ ಹರಟೆ ಇರುವುದೇ ಇದಕ್ಕೆ. ಅಧಿಕಾರಿಗಳ ಮುಂದೆ ಹೀಗೆ ಹೇಳಿದರೆ ಗಂಭೀರವಾಗಿ ಕಾಣುವುದಿಲ್ಲ ಅಂತ ನಮ್ಮಲ್ಲೇ ಕೆಲವರಿಗೆ ಅಸಮಾಧಾನ. ನನಗಂತೂ ವಿಪತ್ತು ನಿರ್ವಹಣೆ ಅಂತ ಬ್ಯಾನರ್ ಕಟ್ಟಿ ಫೋಟೋ ಹೊಡೆಸಿಕೊಳ್ಳುವುದಕ್ಕಿಂತ ಈ ಹರಟೆಯ ಮೇಲೇ ನಂಬಿಕೆ ಜಾಸ್ತಿ.

ಆಗಾಗ ಊರ ಹೊರಗೆ ಹೋಗಿ ತಾಲೀಮು ಮಾಡುತ್ತೇವೆ. ಬೈಕಿನ 12 ವೋಲ್ಟ್ ಬ್ಯಾಟರಿ, ಒಂದು ಸೆಟ್ಟು, ಬೇವಿನ ಮರ. ಹಗ್ಗದ ತುದಿಗೆ ಕಲ್ಲು ಕಟ್ಟಿ ಕೊಂಬೆಯ ಮೇಲಿಂದ ಎಸೆದು ವೈರು ಮೇಲೆಳೆಯುತ್ತೇವೆ. ಒಬ್ಬರು ಪ್ರವಾಹದ ಹಳ್ಳಿ, ಇನ್ನೊಬ್ಬರು ಕಲಬುರಗಿ ಅಂತ ಲೆಕ್ಕ. ಸಂದೇಶಕ್ಕೆ ನಂಬರ್ ಇರಬೇಕು, ಸಮಯ ಇರಬೇಕು, ಯಾರಿಂದ ಯಾರಿಗೆ ಅಂತ ಇರಬೇಕು. ಹೋದ ಸಲ ಕಾಲೇಜು ಹುಡುಗಿಯೊಬ್ಬಳು ಬರೆದುಕೊಳ್ಳುತ್ತಿದ್ದಳು. ಆ ಕಡೆಯಿಂದ ಬಂದದ್ದು 'ಹಾಲಿನ ಪುಡಿ ಎಪ್ಪತ್ತು ಪಾಕೀಟು'. ಅವಳು ಬರೆದದ್ದು ಇಪ್ಪತ್ತು. ಗರಗರ ಸದ್ದಿನಲ್ಲಿ ಎರಡೂ ಒಂದೇ ಥರ ಕೇಳುತ್ತವೆ. ಆವತ್ತಿನಿಂದ ನಮ್ಮಲ್ಲಿ ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳುವ ಕಟ್ಟಳೆ. ಏಳು, ಸೊನ್ನೆ. ಕೇಳಿಸಿಕೊಂಡವರು ಪೂರ್ತಿ ತಿರುಗಿ ಓದಬೇಕು, ಕಳಿಸಿದವರು ಹೌದು ಅನ್ನಬೇಕು. ಒಂದೇ ಹೆಸರಿನ ಹಳ್ಳಿಗಳು ನಮ್ಮಲ್ಲಿ ಎಷ್ಟಿವೆ ಅಂತ ನಿಮಗೇ ಗೊತ್ತು, ಅದಕ್ಕೆ ತಾಲ್ಲೂಕಿನ ಹೆಸರೂ ಕಡ್ಡಾಯ.

ಇನ್ನೊಂದು ವಿಷಯ. ಕೈಸೆಟ್ಟಿನ ಸಿಗ್ನಲ್ ನೇರ ನೋಟದಲ್ಲಿ ಹೋಗುತ್ತದೆ, ಜೇವರ್ಗಿಯಿಂದ ಕಲಬುರಗಿಗೆ, ನಡುವೆ ಸಿಗ್ನಲ್ ಹಿಡಿದು ಮತ್ತೆ ಕಳಿಸುವ ರಿಪೀಟರ್ ಇಲ್ಲದೆ ತಲುಪುವುದು ಕಷ್ಟ. 7 ಮೆಗಾಹರ್ಟ್ಸ್‌ನ ಸಿಗ್ನಲ್ ಹಾಗಲ್ಲ. ಮೇಲೆ ಹೋಗಿ ಅಯಾನುಗೋಳ ಅನ್ನುವ ವಾತಾವರಣದ ಮೇಲಿನ ಪದರಕ್ಕೆ ತಾಗಿ ಕೆಳಗಿಳಿಯುತ್ತದೆ. ಹಗಲಿನಲ್ಲಿ ನಮ್ಮಿಂದ ಹೈದರಾಬಾದು, ಬೆಂಗಳೂರು ಆರಾಮಾಗಿ ಸಿಗುತ್ತವೆ. ನಡುವೆ ಟವರ್ ಬೇಡ, ಕೇಬಲ್ ಬೇಡ.

ನಮ್ಮ ಪಕ್ಕದ ಮನೆಯವರು ಮಾಳಿಗೆ ಮೇಲೆ ಉದ್ದ ವೈರು ಕಟ್ಟಿದ್ದಾರೆ. ಸಿಡಿಲು ಎಳೆಯುತ್ತದಾ? ನಮ್ಮ ಟಿವಿ ಕೆಡುತ್ತದಾ?
– ಬ್ರಹ್ಮಪುರ, ಕಲಬುರಗಿ

ಅದು ಡೈಪೋಲ್ ಇರಬೇಕು. ಮನೆ ವೈರಿಂಗಿನ ತಾಮ್ರದ ತಂತಿಯನ್ನೇ ಎರಡು ತುಂಡು ಮಾಡಿ, ನಡುವೆ ಕೇಬಲ್ ಜೋಡಿಸಿ, ಒಂದೊಂದು ಕಡೆಗೆ ಹತ್ತತ್ತು ಮೀಟರ್ ಎಳೆದರೆ 7 ಮೆಗಾಹರ್ಟ್ಸ್‌ನ ಆಂಟೆನಾ ಆಯಿತು. ನೋಡಲು ಶಾವಿಗೆ ಒಣಹಾಕುವ ಹಗ್ಗದ ಹಾಗೇ ಇರುತ್ತದೆ. ಆದರೆ ದಯವಿಟ್ಟು ಅದರ ಮೇಲೆ ಏನೂ ಒಣಹಾಕಬೇಡಿ. ಮಾತಾಡುವಾಗ ತಂತಿಯ ತುದಿಗಳಲ್ಲಿ ವೋಲ್ಟೇಜ್ ಜಾಸ್ತಿ, ಮುಟ್ಟಿದರೆ ಚರ್ಮ ಸುಡುತ್ತದೆ. ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಧೈರ್ಯವಾಗಿ ಹೇಳಿ. ಜಗಳ ಆಡಬೇಕಿಲ್ಲ, ಹ್ಯಾಮ್ ಆದವರು ಕೇಳುತ್ತಾರೆ.

ತಂತಿ ಇದೆ ಅಂತ ಸಿಡಿಲು ಹುಡುಕಿಕೊಂಡು ಬರುವುದಿಲ್ಲ. ಆದರೂ ಗುಡುಗು ಶುರುವಾದರೆ ಕೇಬಲ್ ಕಳಚಿ ಹೊರಗೆ ಹಾಕಬೇಕು, ಅರ್ಥಿಂಗ್ ಸರಿಯಾಗಿರಬೇಕು. ಟಿವಿ ವಿಷಯದಲ್ಲಿ ಕತೆ ಉಲ್ಟಾ. ನಿಮ್ಮ ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರುಗಳ ಕಿರಿಕಿರಿ ಸದ್ದೆಲ್ಲ ಅವರ ರೇಡಿಯೋದಲ್ಲಿ ಕೇಳುತ್ತಿರುತ್ತದೆ. ಪಾಪ, ಅವರು ಹೇಳಿಕೊಂಡಿಲ್ಲ ಅಷ್ಟೇ.

ಬೀದರಿನಲ್ಲಿ ನಾವು ನಾಲ್ಕೈದು ಜನ ಲೈಸೆನ್ಸ್ ತೆಗೆದುಕೊಂಡಿದ್ದೇವೆ. ಕ್ಲಬ್ ಶುರು ಮಾಡಬೇಕೆಂದಿದ್ದೇವೆ. ಹೇಗೆ?
– ಎಂಜಿನಿಯರಿಂಗ್ ಉಪನ್ಯಾಸಕ, ಬೀದರ

ಮೊದಲು ಅಧ್ಯಕ್ಷ, ಕಾರ್ಯದರ್ಶಿ ಅಂತ ಆಯ್ಕೆ ಮಾಡಬೇಡಿ. ಅಲ್ಲೇ ಅರ್ಧ ಜನ ಮುನಿಸಿಕೊಳ್ಳುತ್ತಾರೆ. ಒಂದು ಹೊತ್ತು ಗೊತ್ತು ಮಾಡಿ ದಿನಾ ರೇಡಿಯೋದಲ್ಲಿ ಸೇರಿ. ಇಬ್ಬರೇ ಇದ್ದರೂ ತಪ್ಪಿಸಬೇಡಿ.

ಆಮೇಲೆ ನರಿ ಬೇಟೆ ಇಟ್ಟುಕೊಳ್ಳಿ, ಹುಡುಗರು ತಾವಾಗಿ ಬರುತ್ತಾರೆ. ಒಬ್ಬರು ಸಣ್ಣ ಟ್ರಾನ್ಸ್‌ಮಿಟರ್ ಬಚ್ಚಿಡುತ್ತಾರೆ, ಉಳಿದವರು ಆಂಟೆನಾ ಹಿಡಿದು ಹುಡುಕುತ್ತಾರೆ. ಆಂಟೆನಾಕ್ಕೆ ಬಡಗಿಗಳು ಬಳಸುವ ಉಕ್ಕಿನ ಅಳತೆ ಟೇಪು ಕತ್ತರಿಸಿ ಪಿವಿಸಿ ಪೈಪಿಗೆ ಮೂರು ಕಡೆ ಕಟ್ಟಿದರೆ ಸಾಕು. ಗಿಡಗಂಟಿಗೆ ಸಿಕ್ಕರೂ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಹತ್ತಿರ ಹೋದಂತೆ ಸಿಗ್ನಲ್ ಎಲ್ಲ ಕಡೆಯಿಂದ ಬಂದ ಹಾಗೆ ಕಾಣುತ್ತದೆ. ಆಗ ಆಂಟೆನಾ ತೆಗೆದು, ಸೆಟ್ಟನ್ನು ಎದೆಗೆ ಅವಚಿ ಸುತ್ತ ತಿರುಗಬೇಕು. ಯಾವ ಕಡೆ ಬೆನ್ನು ಮಾಡಿದಾಗ ಸದ್ದು ಇಳಿಯುತ್ತದೋ ನರಿ ಆ ಕಡೆ. ನಮ್ಮಲ್ಲೊಬ್ಬರು ಅದನ್ನು ಮಿರ್ಚಿ ಭಜಿ ಬಂಡಿಯ ಕೆಳಗೆ ಇಟ್ಟಿದ್ದರು. ಹುಡುಕಿ ಬಂದವರೆಲ್ಲ ಅಲ್ಲೇ ನಿಂತು ತಿನ್ನತೊಡಗಿದರು. ಕೊನೆಗೆ ಗೆದ್ದವರು ಯಾರು ಅಂತ ತೀರ್ಮಾನವೇ ಆಗಲಿಲ್ಲ.

ನಿಮ್ಮೂರಿನಲ್ಲಿ ವಾಯುಪಡೆಯ ನೆಲೆ ಇದೆ, ಆ ದಿಕ್ಕಿಗೆ ಮಾತ್ರ ಆಂಟೆನಾ ಹಿಡಿದು ಓಡಾಡಬೇಡಿ. ಪೊಲೀಸ್ ಠಾಣೆಗೆ ಮೊದಲೇ ಒಂದು ಪತ್ರ ಕೊಟ್ಟಿಡಿ, ಲೈಸೆನ್ಸಿನ ಪ್ರತಿ ಜೇಬಿನಲ್ಲಿರಲಿ.

ಬಾಹ್ಯಾಕಾಶ ನಿಲ್ದಾಣದ ಜೊತೆ ಮಾತಾಡಬಹುದು ಅಂತಾರೆ. ನಿಜಾನಾ ಸರ್?
– ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಚಿಂಚೋಳಿ

ನಿಜ ಮಗಳೇ. 2025ರ ಜುಲೈಯಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಅಲ್ಲಿಂದ ನಮ್ಮ ದೇಶದ ಶಾಲಾ ಮಕ್ಕಳ ಜೊತೆ ಹ್ಯಾಮ್ ರೇಡಿಯೋದಲ್ಲೇ ಮಾತಾಡಿದ್ದು. ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿದೆ, ಗಂಟೆಗೆ 28,000 ಕಿ.ಮೀ. ವೇಗ. ನಮ್ಮ ತಲೆ ಮೇಲೆ ಹಾದು ಹೋಗುವಾಗ ಹತ್ತು ನಿಮಿಷ ಸಿಕ್ಕರೆ ಹೆಚ್ಚು. 145.800 ಮೆಗಾಹರ್ಟ್ಸ್‌ನಲ್ಲಿ ಅವರ ದನಿ ಬರುತ್ತದೆ. ನಡುವೆ ಗುಡ್ಡ, ಕಟ್ಟಡ ಏನೂ ಅಡ್ಡ ಇಲ್ಲದ್ದರಿಂದ ಮಾಳಿಗೆ ಮೇಲೆ ನಿಂತು, ಆ ಅಳತೆ ಟೇಪಿನ ಆಂಟೆನಾ ಹಿಡಿದೇ ಕೇಳಬಹುದು. ಅವರು ದಿನಾ ಮಾತಾಡುವುದಿಲ್ಲ, ಅವರಿಗೆ ಬೇರೆ ಕೆಲಸ ಇರುತ್ತದೆ ಅಲ್ವಾ. ಕೆಲವು ಸಲ ದನಿಯ ಬದಲು ಚಿತ್ರ ಕಳಿಸುತ್ತಾರೆ. ಬರೀ ಕೀಂ ಕೀಂ ಅಂತ ಕೇಳುತ್ತದೆ. ಕಂಪ್ಯೂಟರಿಗೆ ಕೊಟ್ಟರೆ ಗೆರೆ ಗೆರೆಯಾಗಿ ಚಿತ್ರ ಇಳಿಯುತ್ತದೆ. ಅಂಥ ದಿನ ಬಂದಾಗ ನಿಮ್ಮ ವಿಜ್ಞಾನದ ಟೀಚರ್ ಜೊತೆ ಬನ್ನಿ.

ನಮ್ಮ ಯಜಮಾನರು ನಿಮ್ಮ ಗುಂಪಿನವರೇ. ಒಂಬತ್ತಕ್ಕೆ ಕೂತರೆ ಹತ್ತೂವರೆಗೂ ಏಳುವುದಿಲ್ಲ. ಏನು ಮಾಡಲಿ?
– ಶಹಾಬಾದ

ಅಕ್ಕೋರೇ, ಯಾರ ಮನೆ ಅಂತ ಗೊತ್ತಾಯಿತು, ಹೆಸರು ಹೇಳುವುದಿಲ್ಲ. ನೀವೂ ಪರೀಕ್ಷೆ ಬರೆಯಿರಿ. ಪುಸ್ತಕ ನಾನು ಕಳಿಸುತ್ತೇನೆ. ನಿಮಗೂ ಕಾಲ್‌ಸೈನ್ ಬಂದ ಮೇಲೆ ನೆಟ್ ನಡೆಸುವ ಪಾಳಿ ನಿಮಗೇ ಕೊಡೋಣ, ಅವರನ್ನು ಎಷ್ಟು ಹೊತ್ತಿಗೆ ಎಬ್ಬಿಸಬೇಕು ಅಂತ ನೀವೇ ತೀರ್ಮಾನಿಸಿ. ಅಲ್ಲೀತನಕ ಅವರ ಪವರ್ ಸಪ್ಲೈ ಸ್ವಿಚ್ಚು ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ.