ಒಂಬತ್ತು ಪಂದ್ಯ ಗೆದ್ದ ಕೋಚನ್ನು ಕಳಿಸುವ ಮುಂಚೆ ನೆಬ್ರಾಸ್ಕ ನೋಡಿ

ಸರ್, ನಿಮ್ಮ ಅಮೆರಿಕನ್ ಕಾಲೇಜ್ ಫುಟ್‌ಬಾಲ್ ತಂಡದ ಬಗ್ಗೆ "ವರ್ಷಕ್ಕೆ ಒಂಬತ್ತು ಗೆದ್ದರೆ ಸಾಲದು, ಈ ಕೋಚನ್ನು ಕಳಿಸಿ, ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಿಂದ ದೊಡ್ಡ ಹೆಸರು ತಂದರೆ ನಾವೂ ಅಲಬಾಮಾದಂಥ ಚಾಂಪಿಯನ್ ಆಗುತ್ತೇವೆ" ಅಂತ ಬರೆದಿದ್ದೀರಿ. ದಯವಿಟ್ಟು ಹಾಗೆ ಹೇಳಬೇಡಿ. 2003ರಲ್ಲಿ ನೆಬ್ರಾಸ್ಕ ವಿಶ್ವವಿದ್ಯಾಲಯದ ಊರಾದ ಲಿಂಕನ್‌ನಲ್ಲಿ ಎಂ.ಎಸ್. ಓದುವಾಗ ನಾನೂ ಇದೇ ಮಾತಾಡಿದ್ದೆ.

ಆ ವರ್ಷ ಅಲ್ಲಿನ ಕೋಚ್ ಫ್ರಾಂಕ್ ಸೋಲಿಚ್ 9-3 (ಒಂಬತ್ತು ಗೆಲುವು, ಮೂರು ಸೋಲು) ಮಾಡಿದ್ದರು. ಕೊಲೊರಾಡೋವನ್ನು ಸೋಲಿಸಿದ ಬೆನ್ನಲ್ಲೇ ಅವರನ್ನು ತೆಗೆದರು. ನಮ್ಮ ರೂಮಿನಲ್ಲಿ ಎಲ್ಲರೂ ಕುಣಿದೆವು. ಎನ್‌ಎಫ್‌ಎಲ್‌ನ ರೇಡರ್ಸ್ ತಂಡವನ್ನು ಅದರ ಫೈನಲ್ ಆದ ಸೂಪರ್ ಬೌಲ್‌ಗೆ ಒಯ್ದಿದ್ದ ಬಿಲ್ ಕ್ಯಾಲಹನ್ ಬಂದರು. ಚೆಂಡು ಹಿಡಿದು ಓಡುವ ಆಪ್ಷನ್ ಆಟ ಕಿತ್ತುಹಾಕಿ ಪಾಸ್ ಎಸೆಯುವ ವೆಸ್ಟ್ ಕೋಸ್ಟ್ ಪದ್ಧತಿ ತಂದರು. 2004ರಲ್ಲಿ 5-6. 1961ರ ನಂತರ ಮೊದಲ ಸಲ ಗೆಲುವಿಗಿಂತ ಸೋಲು ಜಾಸ್ತಿ. 35 ವರ್ಷ ತಪ್ಪದೆ ಸೀಸನ್ ಕೊನೆಯ ಬೌಲ್ ಪಂದ್ಯ ಆಡಿದ್ದ ತಂಡ ಮನೆಯಲ್ಲಿ ಕೂತಿತು. ಕಾನ್ಫರೆನ್ಸ್ (ತಮ್ಮ ಗುಂಪಿನ ಲೀಗ್) ಗೆದ್ದದ್ದು 1999ರಲ್ಲೇ ಕೊನೆ.

ಸ್ಟೇಡಿಯಮ್ಮಿನಲ್ಲಿ ನನ್ನ ಪಕ್ಕ ಒಬ್ಬ ಹಿರಿಯ ರೈತರು ಕೂರುತ್ತಿದ್ದರು. ಮೊದಲ ಟಚ್‌ಡೌನ್‌ಗೆ ಬಿಡಬೇಕಾದ ಕೆಂಪು ಬಲೂನಿನ ದಾರವನ್ನು ಬೆರಳಿಗೆ ಎರಡು ಸುತ್ತು ಸುತ್ತಿಕೊಂಡಿರುತ್ತಿದ್ದರು. ಅವರ ಮಗ ವಾಕ್-ಆನ್, ಅಂದರೆ ಸ್ಕಾಲರ್‌ಶಿಪ್ ಇಲ್ಲದ ಆಟಗಾರ. ಸ್ವಂತ ಫೀಸು ಕಟ್ಟಿ, ನಾಲ್ಕು ವರ್ಷ ವೇಟ್ ರೂಮಿನಲ್ಲಿ ಮೈ ಕಟ್ಟಿ, ಕೊನೆಯ ವರ್ಷ ಎದುರಾಳಿಗಳನ್ನು ತಳ್ಳುವ ಮುಂಚೂಣಿ ಲೈನಿನಲ್ಲಿ ನಿಂತವನು. "ನಮ್ಮ ಕಡೆ ಓಡುವ ಹುಡುಗರು ಸಿಗುವುದು ಕಷ್ಟ, ತಳ್ಳುವ ಹುಡುಗರನ್ನು ಬೆಳೆಸಿಕೊಳ್ಳಬೇಕು" ಅಂದಿದ್ದರು. ಆಗ ನನಗೆ ತಲೆಗೆ ಹೋಗಲಿಲ್ಲ. ಇಡೀ ರಾಜ್ಯದಲ್ಲಿ 20 ಲಕ್ಷ ಜನ ಇರಲಿಲ್ಲ. ಆದರೂ ಸೋಲಿಚ್‌ಗಿಂತ ಮುಂಚಿನ ಕೋಚ್ ಟಾಮ್ ಆಸ್ಬೋರ್ನ್ 25 ವರ್ಷದಲ್ಲಿ ಒಮ್ಮೆಯೂ ಒಂಬತ್ತಕ್ಕಿಂತ ಕಡಿಮೆ ಗೆಲ್ಲಲಿಲ್ಲ. 1994, 1995, 1997ರಲ್ಲಿ ದೇಶದ ಚಾಂಪಿಯನ್. ಆ ಊರಿಗೆ ಹೊಂದುವ ಪದ್ಧತಿ ಅದು. ಅದನ್ನು ಬೇರುಸಮೇತ ಕಿತ್ತರೆ ಉಳಿಯುವುದೇನು?

ಜಾರ್ಜಿಯಾ 2015ರಲ್ಲಿ 9-3 ಮಾಡಿದ ಮಾರ್ಕ್ ರಿಕ್ಟ್‌ರನ್ನು ಕಳಿಸಿ, ಕಿರ್ಬಿ ಸ್ಮಾರ್ಟ್ ಬಂದು, 2021, 2022ರಲ್ಲಿ ಚಾಂಪಿಯನ್‌ಶಿಪ್ ಗೆಲ್ಲಲಿಲ್ವಾ ಅಂತ ಕೇಳುತ್ತೀರಿ. ಗೆದ್ದಿತು. ಆದರೆ ಅಲ್ಲಿ ಅಟ್ಲಾಂಟಾ ಸುತ್ತಮುತ್ತಲೇ ಫೈವ್ ಸ್ಟಾರ್ (ಅತಿ ಹೆಚ್ಚು ರೇಟಿಂಗ್‌ನ) ಹುಡುಗರು ಸಿಗುತ್ತಾರೆ. ನಿಮ್ಮ ಕ್ಯಾಂಪಸ್‌ನಿಂದ ನಾಲ್ಕು ಗಂಟೆ ಡ್ರೈವ್‌ನಲ್ಲಿ ಎಷ್ಟು ಜನ ಸಿಗುತ್ತಾರೆ? ಮೊದಲು ಅದನ್ನು ಎಣಿಸಿ. ಸ್ಟಾರ್ ನೋಡುವುದಾದರೆ ಒಂದೇ ಸೈಟ್ ನಂಬಬೇಡಿ, ಹಲವು ಸೈಟ್‌ಗಳ ರೇಟಿಂಗ್ ಸೇರಿಸುವ 247ಸ್ಪೋರ್ಟ್ಸ್ ಕಾಂಪೋಸಿಟ್ ನೋಡಿ.

ಜೆರ್ಸಿ, ಲಾಕರ್ ರೂಮ್ ಅಂತ ಸುಮ್ನೆ ದುಡ್ಡು ಸುರಿಯುವ ಮಾತೂ ಬೇಡ. ಓರೆಗಾನ್‌ಗೆ ನೈಕಿಯ ಫಿಲ್ ನೈಟ್ ಅವರೇ ಬೆನ್ನಿಗಿದ್ದರು. 2010 ಮತ್ತು 2014ರ ಸೀಸನ್‌ಗಳಲ್ಲಿ ಫೈನಲ್ ಮುಟ್ಟಿ ಎರಡರಲ್ಲೂ ಸೋತಿತು.

ಇನ್ನು ಅಲಬಾಮಾ. ಅಲ್ಲಿನ ಕೋಚ್ ನಿಕ್ ಸೇಬನ್ 2007ರ ಮೊದಲ ವರ್ಷ 7-6. ಚಿಕ್ಕ ತಂಡ ಲೂಯಿಸಿಯಾನಾ-ಮನ್ರೋ ಕೈಯಲ್ಲಿ ತವರಲ್ಲೇ ಸೋತರು. ನಿಮ್ಮಂಥವರ ಮಾತು ಕೇಳಿದ್ದರೆ ಆಮೇಲಿನ ಆರು ಪ್ರಶಸ್ತಿ ಬರುತ್ತಿತ್ತಾ?

ಒಂದು ಎಚ್ಚರಿಕೆ. ನೆಬ್ರಾಸ್ಕದ ಹಳೇ ದಾರಿ ಈಗ ಹಾಗೇ ನಡೆಯುವುದಿಲ್ಲ. 2025ರಿಂದ, ಆಟಗಾರರಿಗೆ ದುಡ್ಡು ಕೊಡುವ ಹೊಸ ಒಪ್ಪಂದಕ್ಕೆ ಸೇರಿದ ಕಾಲೇಜುಗಳಿಗೆ ತಂಡದ ಮಿತಿ 105 ಆಟಗಾರರು, ವಾಕ್-ಆನ್‌ಗಳಿಗೆ ಜಾಗ ಕಡಿಮೆ. ತಂಡ ಬದಲಿಸಲು ಹೆಸರು ಕೊಡುವ ಪೋರ್ಟಲ್‌ನಲ್ಲಿ ಹುಡುಗ ಸೀಸನ್ ಮುಗಿದ ಮೇಲೆ ಬೇರೆ ಕಡೆ ಹೋಗಬಹುದು. ಆದರೂ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕನ್ನು ಪೋರ್ಟಲ್‌ನಿಂದ ತನ್ನಿ, ಲೈನನ್ನು ಮನೆಯಲ್ಲೇ ಬೆಳೆಸಿ. ಕೋಚ್ ಬದಲಾದರೂ ಹುಡುಗರ ಮೈ ಕಟ್ಟಿಸುವ ಸ್ಟ್ರೆಂತ್ ಕೋಚನ್ನು ಬಿಡಬೇಡಿ.

ನಿಮ್ಮ ಲೈನಿನಲ್ಲಿ ಮೂರನೇ ವರ್ಷ ದಾಟಿದವರು ಎಷ್ಟು ಜನ ಅಂತ ಇಲ್ಲಿ ಹಾಕಿ. ಆಮೇಲೆ ಕೋಚ್ ವಿಷಯ ಮಾತಾಡೋಣ.