ಚಿತ್ರಕಥೆ ಓದೋದು ಸಿನಿಮಾ ನೋಡುವ ಮೊದಲೋ, ಆಮೇಲೋ?

ಫೇಸ್‌ಬುಕ್ ಹುಟ್ಟಿದ ಕಥೆ ಹೇಳುವ ‘ದಿ ಸೋಶಿಯಲ್ ನೆಟ್‌ವರ್ಕ್’ (2010) ಸಿನಿಮಾದ ಚಿತ್ರಕಥೆ ಸಿಕ್ಕಿದೆ, ಫೋನಲ್ಲಿ ಅದನ್ನು ಓದುತ್ತಾ ಟಿವಿಯಲ್ಲಿ ಸಿನಿಮಾ ನೋಡಲಾ, ಇಲ್ಲ ಮೊದಲೇ ಓದಿ ಮುಗಿಸಲಾ ಅಂತ ಕೇಳಿದ್ದೀರಿ.

ಎರಡೂ ಬೇಡ. ಮೊದಲು ಸುಮ್ನೆ ಸಿನಿಮಾ ನೋಡಿಬಿಡಿ. ಆಮೇಲೆ ಇನ್ನೊಂದು ದಿನ, ಒಂದೊಂದೇ ದೃಶ್ಯ ಓದಿ, ಫೋನ್ ಕೆಳಗಿಟ್ಟು, ಅದನ್ನೇ ಮತ್ತೆ ನೋಡಿ.

ಒಟ್ಟಿಗೆ ಓದಿ ನೋಡೋದು ಈ ಸಿನಿಮಾದಲ್ಲಂತೂ ಆಗದ ಮಾತು. ಆರನ್ ಸೋರ್ಕಿನ್ ಬರೆದಿರೋದು 160ಕ್ಕೂ ಹೆಚ್ಚು ಪುಟ. ಹಾಲಿವುಡ್‌ನಲ್ಲಿ ಪುಟಕ್ಕೆ ಒಂದು ನಿಮಿಷ ಅನ್ನೋ ಅಂದಾಜಿದೆ. ಆ ಲೆಕ್ಕಕ್ಕೆ ಎರಡೂವರೆ ಗಂಟೆ ದಾಟಬೇಕಿತ್ತು, ಸಿನಿಮಾ ಇರೋದು ಎರಡೇ ಗಂಟೆ. ನಿರ್ದೇಶಕ ಡೇವಿಡ್ ಫಿಂಚರ್, ಸೋರ್ಕಿನ್ ಅವರಿಂದಲೇ ಜೋರಾಗಿ ಓದಿಸಿ ಸಮಯ ಅಳೆದುಕೊಂಡರು. ನಟರ ಮಾತೂ ಅದೇ ವೇಗಕ್ಕೆ ಓಡಿತು. ಆ ವೇಗದಲ್ಲಿ ನೀವು ಓದಬಹುದೇನೋ, ಆದರೆ ಯಾರ ಮುಖ ನೋಡಲೂ ಪುರುಸೊತ್ತು ಸಿಗಲ್ಲ.

ಮೊದಲ ದೃಶ್ಯದಿಂದಲೇ ಶುರು ಮಾಡಿ. ಬಾರ್‌ನಲ್ಲಿ ಮಾರ್ಕ್ (ಮುಂದೆ ಫೇಸ್‌ಬುಕ್ ಕಟ್ಟುವವನು) ಮತ್ತು ಅವನ ಗೆಳತಿ ಎರಿಕಾ ಕೂತಿದ್ದಾರೆ. ಬರಹದಲ್ಲಿ ಮೊದಲು ಬರೀ ಕತ್ತಲು, ಅದರೊಳಗಿಂದ ದನಿ. ಸಿನಿಮಾದಲ್ಲಿ ಇನ್ನೂ ಅವಸರ: ಸ್ಟುಡಿಯೋ ಲೋಗೋ ಇರುವಾಗಲೇ ಮಾತು ಶುರುವಾಗಿರುತ್ತದೆ. ಓದುವಾಗ ಮಾರ್ಕ್‌ನ ಚುರುಕು ಬುದ್ಧಿಯೇ ಕಣ್ಣಿಗೆ ಹೊಡೆಯುತ್ತದೆ. ಒಂದು ವಿಷಯ ಮುಗಿಯುವ ಮುಂಚೆ ಇನ್ನೊಂದಕ್ಕೆ ಹಾರುತ್ತಾನೆ. ಈಗ ನೋಡಿ, ಆದರೆ ಅವನನ್ನಲ್ಲ, ಮಾತಾಡದೆ ಇರುವಾಗ ಎರಿಕಾಳ ಮುಖವನ್ನು. ಅವಳ ಸಹನೆ ಎಲ್ಲಿ ಮುಗಿಯಿತು ಅಂತ ಅಲ್ಲೇ ಗೊತ್ತಾಗುತ್ತದೆ. ಈ ದೃಶ್ಯಕ್ಕೆ ಫಿಂಚರ್ 99 ಟೇಕ್ ತೆಗೆದರಂತೆ. ಹುಚ್ಚು ಅನಿಸುತ್ತೆ, ಅಲ್ವಾ? ಓದಿ ನೋಡಿದ ಮೇಲೆ ನನಗೆ ಅಷ್ಟು ಹುಚ್ಚು ಅನಿಸಲಿಲ್ಲ.

ಇನ್ನೊಂದು ಮಜಾ ವಕೀಲರ ಕೋಣೆಗಳದ್ದು. ಮಾರ್ಕ್ ಮೇಲೆ ಎರಡು ಬೇರೆ ಬೇರೆ ಕೇಸು, ನಡುನಡುವೆ ಅವನು ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗಿನ ಹಳೆ ಕಥೆ. ಬರಹದಲ್ಲಿ ಪ್ರತಿ ಸಲ ಜಾಗದ ಹೆಸರು ಮೇಲೆ ಬರುತ್ತದೆ, ಹಾಗಾಗಿ ದಾರಿ ತಪ್ಪಲ್ಲ. ಕತ್ತರಿಸಿ ಜೋಡಿಸಿದ ಸಿನಿಮಾದಲ್ಲಿ ಆ ಆಸರೆ ಇಲ್ಲ. ಎದುರಿಗೆ ಯಾರು ಕೂತಿದ್ದಾರೆ ಅನ್ನೋದರಿಂದಲೇ ನಾವು ಜಾಗ ಹಿಡಿಯಬೇಕು. ಆದರೂ ಗೊಂದಲ ಆಗಲ್ಲ. ಯಾಕೆ ಆಗಲ್ಲ ಅಂತ ನೀವೇ ಎರಡು ಸಲ ಹಿಂದೆ ಮುಂದೆ ಮಾಡಿ ನೋಡಿ. ಸಂಕಲನ ಅಂದರೇನು ಅಂತ ನನಗೆ ಅರ್ಥವಾಗಿದ್ದು ಹೀಗೆಯೇ.

ನಾವು ‘ಬೆಳ್ಳಿಮೋಡ’ದ ಥರ ಕಾದಂಬರಿ ಓದಿ ಸಿನಿಮಾ ನೋಡಿ ಅಭ್ಯಾಸ ಇರೋರು. ಅಲ್ಲಿ ಪುಸ್ತಕದಲ್ಲಿದ್ದ ಏನೆಲ್ಲ ಬಿಟ್ಟುಹೋಯಿತು ಅಂತ ಹುಡುಕುತ್ತೇವೆ. ಇಲ್ಲಿ ಉಲ್ಟಾ, ಪುಟದಲ್ಲಿ ಇಲ್ಲದ್ದು ಏನು ಬಂತು ಅಂತ ಹುಡುಕಬೇಕು.

ಫೈಲ್ ಬಗ್ಗೆ ಒಂದು ಎಚ್ಚರಿಕೆ. ನೆಟ್‌ನಲ್ಲಿ ಚಿತ್ರಕಥೆ ಅಂತ ಸಿಗುವ ಎಷ್ಟೋ ಫೈಲುಗಳು ಸಿನಿಮಾ ನೋಡಿ ಯಾರೋ ಟೈಪ್ ಮಾಡಿದ ಸಂಭಾಷಣೆ ಅಷ್ಟೇ. ಪ್ರತಿ ದೃಶ್ಯದ ಮೇಲೆ ಒಳಗೋ ಹೊರಗೋ, ಹಗಲೋ ರಾತ್ರಿಯೋ ಅನ್ನುವ ಸಾಲು ಇಲ್ಲದಿದ್ದರೆ ಬಿಟ್ಟುಬಿಡಿ. ಈ ಸಿನಿಮಾದ್ದನ್ನು ಪ್ರಶಸ್ತಿಗಳ ಸಮಯದಲ್ಲಿ ಸ್ಟುಡಿಯೋದವರೇ ಪಿಡಿಎಫ್ ಮಾಡಿ ಹಾಕಿದ್ದರು, ನಿಮ್ಮ ಹತ್ತಿರ ಇರೋದು ಅದೇ ಇರಬಹುದು. ಫೋನ್ ಅಡ್ಡ ಹಿಡಿದು ಓದಿ. ಅಕ್ಷರ ದೊಡ್ಡದಾಗಲಿ ಅಂತ ಇ-ಪುಸ್ತಕದ ಫಾರ್ಮ್ಯಾಟ್‌ಗೆ ಬದಲಾಯಿಸೋಕೆ ಹೋಗಬೇಡಿ. ನಡುವೆ ಇರಬೇಕಾದ ಹೆಸರು, ಮಾತು ಎಲ್ಲ ಎಡಕ್ಕೆ ಸರಿದು, ಯಾರು ಯಾರಿಗೆ ಹೇಳಿದ್ದು ಅಂತ ತಿಳಿಯದ ಹಾಗಾಗುತ್ತದೆ. ಲ್ಯಾಪ್‌ಟಾಪ್ ಇದ್ದರೆ ಈ ತಲೆನೋವೇ ಇಲ್ಲ.