ಆನೆಗೆ ಆ ಸಿಟ್ಟಿನ ಹುಬ್ಬು ಬೇಡ ಸರ್, ಸೊಂಡಿಲು ಇದೆಯಲ್ಲ

ಶಾಲಾ ಕಬಡ್ಡಿಗೆ ಅಂತ ನೀವು ಮಾಡಿದ ಆನೆ ಮ್ಯಾಸ್ಕಾಟ್, ಅಂದ್ರೆ ತಂಡದ ಗುರುತಿನ ಪಾತ್ರ, ನೋಡಿದೆ. ಕೆಂಪು ಕಣ್ಣು, ಗಂಟಿಕ್ಕಿದ ಹುಬ್ಬು, ಜಿಮ್ಮಿಗೆ ಹೋಗಿ ಬಂದ ತೋಳು. "ಅನಿಮೇಟ್ ಮಾಡುವಾಗ ಸೊಂಡಿಲು ಬಾಯಿಗೆ ಅಡ್ಡ ಬರುತ್ತೆ, ಲಿಪ್ ಸಿಂಕ್ (ಮಾತಿಗೆ ತಕ್ಕ ತುಟಿ ಚಲನೆ) ಕಾಣಲ್ಲ, ಏನ್ ಮಾಡ್ಲಿ" ಅಂತ ಕೇಳಿದ್ದೀರಿ. ಸೊಂಡಿಲಿನ ವಿಷಯಕ್ಕೆ ಆಮೇಲೆ ಬರ್ತೀನಿ, ಮೊದಲು ಆ ಹುಬ್ಬು ತೆಗೀರಿ. ನಾನೂ ಒಂದು ಕ್ಲಬ್ಬಿಗೆ ಹೀಗೇ ಘರ್ಜಿಸೋ ಸಿಂಹ ಬರೆದುಕೊಟ್ಟಿದ್ದೆ. ತಂಡ ಸೋತ ದಿನ ಹಾಕಿದ ಧನ್ಯವಾದದ ಪೋಸ್ಟರಿಗೂ ಅದೇ ಘರ್ಜನೆ ಹೋಯ್ತು, ಅದಕ್ಕೆ ಬೇರೆ ಮುಖವೇ ಇರಲಿಲ್ಲ.

1980ರ ಮಾಸ್ಕೋ ಒಲಿಂಪಿಕ್ಸ್‌ನ ಮ್ಯಾಸ್ಕಾಟ್ ಮಿಶಾ ಕರಡಿ ನೋಡಿ. ಆ ಕಾಲದ ರಾಜಕೀಯ ವ್ಯಂಗ್ಯಚಿತ್ರಗಳಲ್ಲಿ ರಷ್ಯಾ ಅಂದ್ರೆ ಉಗುರು ಚಾಚಿದ ದೊಡ್ಡ ಕರಡಿ. ಚಿತ್ರಕಾರ ವಿಕ್ಟರ್ ಚಿಝಿಕೋವ್ ಅದನ್ನೇ ಮರಿ ಮಾಡಿ, ಸೊಂಟಕ್ಕೆ ಬೆಲ್ಟ್ ಕಟ್ಟಿ ನಗಿಸಿದ್ರು. ಸಮಾರೋಪದ ದಿನ ಗ್ಯಾಲರಿಯವರು ಬಣ್ಣದ ಹಲಗೆ ಎತ್ತಿ ಹಿಡಿದು ಮಿಶಾನ ಕಣ್ಣಿಂದ ನೀರು ಇಳಿಸಿದ್ರು. ಆ ಮುಖದಲ್ಲಿ ಅಳುವಿಗೂ ಜಾಗ ಇತ್ತು. ನಿಮ್ಮ ಆನೆ ಅತ್ತರೆ ಹೇಗಿರುತ್ತೆ ಅಂತ ಒಂದ್ಸಲ ಬರೆದು ನೋಡಿ, ಗೊತ್ತಾಗುತ್ತೆ. 1988ರ ಸೋಲ್‌ನ ಹೊಡೋರಿ ಹುಲಿ, ಆದ್ರೂ ಒಂದು ಹಲ್ಲೂ ಕಿರಿಯಲ್ಲ. ತಲೆ ಮೇಲಿನ ಜಾನಪದ ಟೋಪಿಯ ಉದ್ದ ಪಟ್ಟಿಯೇ ಎಲ್ಲಾ ಕೆಲಸ ಮಾಡುತ್ತೆ.

ನಾನು ಈಗ ಮುಖಕ್ಕೆ ಕೈ ಹಾಕೋದೇ ಕೊನೆಗೆ. ಗೆದ್ದಾಗ, ಸೋತಾಗ, ಸುಮ್ಮನೆ ಕಾಯುವಾಗ, ಈ ಮೂರು ಭಂಗಿಗಳನ್ನ ಬರೀ ಕಪ್ಪು ತುಂಬಿ ಬರೀತೀನಿ. ಕಣ್ಣಿಲ್ಲ, ಗೆರೆಯಿಲ್ಲ. ಅದನ್ನ ವಾಟ್ಸಾಪ್ ಡಿಪಿ ಅಳತೆಗೆ ಇಳಿಸಿ, ಚಿತ್ರಕಲೆ ಗಂಧಗಾಳಿ ಇಲ್ಲದ ಯಾರಿಗಾದ್ರೂ ತೋರಿಸ್ತೀನಿ. ಯಾವ ಪ್ರಾಣಿ, ಗೆದ್ದಿದೆಯಾ ಸೋತಿದೆಯಾ ಅಂತ ಅವರು ತಟ್ಟನೆ ಹೇಳ್ಬೇಕು. ಹೇಳದಿದ್ರೆ ಹರಿದು ಹಾಕಿ ಮತ್ತೆ. ಹುಲಿ, ಚಿರತೆ, ಸಿಂಹಿಣಿ ಎಲ್ಲಾ ಈ ಪರೀಕ್ಷೆಯಲ್ಲಿ ಒದ್ದಾಡ್ತವೆ, ಕಪ್ಪು ತುಂಬಿದ ಮೇಲೆ ಪಟ್ಟೆಯೂ ಇಲ್ಲ, ಚುಕ್ಕೆಯೂ ಇಲ್ಲ. ಆನೆ ಮಾತ್ರ ಫಸ್ಟ್ ಕ್ಲಾಸ್. 1982ರ ದೆಹಲಿ ಏಷ್ಯನ್ ಗೇಮ್ಸ್‌ನ ಅಪ್ಪು, 2011ರ ಕ್ರಿಕೆಟ್ ವಿಶ್ವಕಪ್‌ನ ಸ್ಟಂಪಿ, ಎರಡನ್ನೂ ದೂರದಿಂದಲೇ ಗುರುತಿಸಬಹುದು. ಇಷ್ಟು ಒಳ್ಳೇ ಪ್ರಾಣಿ ಕೈಯಲ್ಲಿಟ್ಕೊಂಡು ಹುಬ್ಬಿನ ಮೇಲೆ ಯಾಕೆ ಭಾರ ಹಾಕ್ತೀರಿ?

ಇನ್ನೊಂದು, ನೀವು ಬರೆದಿರೋದು ಆಫ್ರಿಕಾದ ಆನೆ. ನೆಟ್‌ನಲ್ಲಿ ಬಿಟ್ಟಿ ಸಿಗೋ ಸಿದ್ಧ ಚಿತ್ರ (ಫ್ರೀ ವೆಕ್ಟರ್) ಇಳಿಸ್ಕೊಂಡ್ರೆ ಹೀಗೇ ಆಗೋದು. ಭುಜ ಮುಚ್ಚೋ ಅಷ್ಟಗಲದ ಕಿವಿ, ತಗ್ಗಿದ ಬೆನ್ನು ಅಲ್ಲಿಯದ್ದು. ನಮ್ಮದಕ್ಕೆ ಕಿವಿ ಚಿಕ್ಕದು, ನೆತ್ತಿಯ ಮೇಲೆ ಎರಡು ಉಬ್ಬು, ಬೆನ್ನು ಕಮಾನು, ಸೊಂಡಿಲ ತುದಿಯಲ್ಲಿ ಬೆರಳಿನಂಥದ್ದು ಒಂದೇ. ದಸರಾ ನೋಡಿದ ಮಕ್ಕಳಿಗೆ ಇದು ಗೊತ್ತಾಗುತ್ತೆ ಸರ್. ಹುಡುಗಿಯರ ತಂಡಕ್ಕೆ ಅದೇ ಆನೆಗೆ ರೆಪ್ಪೆ, ರಿಬ್ಬನ್ ಅಂಟಿಸಿ ದಂತ ಹಾಗೇ ಬಿಟ್ಟಿದ್ದೀರಿ. ನಮ್ಮ ಹೆಣ್ಣಾನೆಗೆ ಅಂಥ ಉದ್ದ ದಂತ ಇರಲ್ಲ. ರಿಬ್ಬನ್ನೂ ಬೇಡ. ಹಿಂಡನ್ನ ನಡೆಸೋದೇ ಹಿರಿಯ ಹೆಣ್ಣಾನೆ, ಕ್ಯಾಪ್ಟನ್ ಪಟ್ಟ ಅವಳಿಗೇ ಕೊಡಿ. ಅಪಾಯ ಬಂದ್ರೆ ದೊಡ್ಡವೆಲ್ಲ ಮರಿಗಳನ್ನ ನಡುವೆ ಹಾಕ್ಕೊಂಡು ಒತ್ತಾಗಿ ನಿಲ್ತವೆ. ಕಬಡ್ಡಿಯಲ್ಲಿ ಡಿಫೆಂಡರ್‌ಗಳು ಕೈ ಕೈ ಹಿಡಿದು ಚೈನ್ ಕಟ್ಟೋದಕ್ಕೆ ಇದಕ್ಕಿಂತ ಒಳ್ಳೇ ಸಂಕೇತ ಎಲ್ಲಿ ಸಿಗುತ್ತೆ? "ಆನೆ ಅಂದ್ರೆ ಬಲ" ಅಂತ ಎಲ್ಲರೂ ಬರೀತಾರೆ. ಪ್ರಾಣಿ ಏನು ಮಾಡುತ್ತೆ ಅನ್ನೋದನ್ನ ಆಟಕ್ಕೆ ಹೊಂದಿಸಿ. ಹೊರದೇಶದ ಕಾರ್ಟೂನ್ ನೋಡಿ ಕೋಚ್ ಪಾತ್ರಕ್ಕೆ ಕನ್ನಡಕದ ಗೂಬೆ ಹಾಕೋಣ ಅಂದಿದ್ದೀರಲ್ಲ, ಅದು ಅವರಿಗೆ ಜ್ಞಾನಿ. ನಮ್ಮೂರಲ್ಲಿ ಮನೆ ಮೇಲೆ ಗೂಬೆ ಕೂತರೆ ಓಡಿಸ್ತಾರೆ. ಕೋಚ್ ಒಪ್ಪಿದ್ರೆ ಹಾಕಿ.

ಹೊಟ್ಟೆ ದುಂಡಗೆ ಮಾಡಿ ಎರಡು ಕಾಲಲ್ಲಿ ನಿಲ್ಲಿಸಿದ್ರೆ ಇಲ್ಲಿ ಜನಕ್ಕೆ ಗಣಪತಿ ಕಾಣ್ತಾನೆ, ಎಚ್ಚರ. ಕಾಲಿಗೆ ಶೂ, ಎದುರಾಳಿ ಕಾಲೆಳೆದು ಬೀಳಿಸೋ ದೃಶ್ಯ ಎಲ್ಲಾ ಆಮೇಲೆ ತಕರಾರಿಗೆ ಬರುತ್ತೆ. ಮರಿಯಾನೆ ಪ್ರಮಾಣ ಇಟ್ಕೊಳ್ಳಿ, ಕುತ್ತಿಗೆ ಬೇಡ, ಕೈ ಗಿಡ್ಡ ಇರಲಿ, ಮುಂಗಾಲಲ್ಲಿ ಬೆರಳಿನ ಬದಲು ಉಗುರು ಮಾತ್ರ ತೋರಿಸಿ.

ಈಗ ಲಿಪ್ ಸಿಂಕ್. ಬಿಟ್ಟುಬಿಡಿ. 1941ರ ಡಿಸ್ನಿ ಚಿತ್ರದಲ್ಲಿ ಡಂಬೋ ಒಂದು ಮಾತೂ ಆಡಲ್ಲ, ಕಿವಿ, ಕಣ್ಣು, ಸೊಂಡಿಲು ಸಾಕಾಯ್ತು. ಮೂವತ್ತು ಸೆಕೆಂಡಿನ ಕ್ಲಿಪ್ಪಿಗೆ ನಿಮಗೆ ಡೈಲಾಗ್ ಯಾಕೆ? "ಕಬಡ್ಡಿ ಕಬಡ್ಡಿ" ಅನ್ನೋ ಉಸಿರು ಹಿನ್ನೆಲೆಯಲ್ಲಿ ಬರಲಿ, ಸೊಂಡಿಲ ತುದಿ ಅದಕ್ಕೆ ತಕ್ಕಂತೆ ಮಿಡಿಯಲಿ. ಸೊಂಡಿಲ ಚಲನೆ ಬುಡದಿಂದ ಶುರುವಾಗ್ಬೇಕು, ನಡು ಎರಡು ಫ್ರೇಮ್ ತಡ, ತುದಿ ಇನ್ನೂ ತಡ. ಎಲ್ಲಾ ಒಟ್ಟಿಗೆ ತಿರುಗಿದ್ರೆ ಪ್ಲಾಸ್ಟಿಕ್ ಪೈಪ್. ನಾಲ್ಕು ಕಾಲಲ್ಲಿ ನಡೆಸೋದಾದ್ರೆ ಎಡ ಹಿಂಗಾಲು, ಎಡ ಮುಂಗಾಲು, ಆಮೇಲೆ ಬಲಗಡೆಯದ್ದು ಅದೇ ಕ್ರಮದಲ್ಲಿ. ಎಷ್ಟೇ ಓಡಿದ್ರೂ ಒಂದಾದ್ರೂ ಕಾಲು ನೆಲದ ಮೇಲಿರ್ಬೇಕು. ಎರಡು ಕಾಲಿನ ಮ್ಯಾಸ್ಕಾಟ್ ಹಾರಲಿ, ಪರವಾಗಿಲ್ಲ, ಆದ್ರೆ ಇಳಿದಾಗ ಭಾರ ಕಾಣಲಿ.

ಸೆಕೆಂಡಿನ 24 ಫ್ರೇಮಿಗೆ 12 ಚಿತ್ರ ಸಾಕು, ಒಂದೊಂದನ್ನೂ ಎರಡು ಫ್ರೇಮ್ ತೋರಿಸಿ. ಕ್ರಿಟಾ ಅನ್ನೋ ಚಿತ್ರ ಬರೆಯೋ ಸಾಫ್ಟ್‌ವೇರಲ್ಲೇ ಮಾಡಿ, ದುಡ್ಡು ಬೇಕಿಲ್ಲ. ವೇಕಂ ಕಂಪನಿಯ ಡ್ರಾಯಿಂಗ್ ಟ್ಯಾಬ್ಲೆಟ್ ಇಲ್ಲದೆ ಆಗಲ್ಲ ಅನ್ನೋರ ಮಾತು ಕೇಳ್ಬೇಡಿ, ಕಲಿಯೋಕೆ ಹ್ಯೂಯಾನ್ ಕಂಪನಿಯದ್ದು ಧಾರಾಳ ಸಾಕು, ಪೆನ್ನಿನ ನಿಬ್ ಮಾತ್ರ ಎರಡು ಜಾಸ್ತಿ ಇಟ್ಕೊಳ್ಳಿ. ಎಐ ಚಿತ್ರದ ಮೇಲೆ ಗೆರೆ ಎಳೆಯೋದು ದಯವಿಟ್ಟು ಬೇಡ, ಭಂಗಿಯಿಂದ ಭಂಗಿಗೆ ಉಗುರಿನ ಲೆಕ್ಕ ಬದಲಾಗಬಹುದು.

ಕಾಸ್ಟ್ಯೂಮ್ ಕೂಡ ಹೊಲಿಸ್ತೀರಾದ್ರೆ ಸೊಂಡಿಲಿಗೆ ಚಿಂದಿ ಬಟ್ಟೆ ತುಂಬಬೇಡಿ, ತಲೆ ಮುಂದಕ್ಕೆ ವಾಲುತ್ತೆ. ಹಗುರ ಫೋಮ್ ಹಾಕಿ, ಒಳಗೆ ಪಟ್ಟಿ ಇರೋ ಹೆಲ್ಮೆಟ್ ಕೂರಿಸಿ ಸೊಂಡಿಲ ಬುಡವನ್ನ ಅದಕ್ಕೇ ಬಿಗಿಯಿರಿ, ಮಕ್ಕಳು ಜಗ್ಗೇ ಜಗ್ತಾರೆ. ಹಾಕ್ಕೊಂಡವರಿಗೆ ಬಾಯಿಯ ಜಾಲರಿಯಿಂದ ಹೊರಗೆ ಕಾಣ್ಬೇಕು, ಅದಕ್ಕೂ ಸೊಂಡಿಲು ಅಡ್ಡ, ಹಾಗಾಗಿ ಬುಡವನ್ನ ಸ್ವಲ್ಪ ಮೇಲಕ್ಕೆ ಎತ್ತಿ ಬರೀರಿ. ಒಳಗೆ ಚಿಕ್ಕ ಫ್ಯಾನ್, ಪಕ್ಕದಲ್ಲಿ ಕೈ ಹಿಡಿದು ನಡೆಸೋಕೆ ಒಬ್ಬರು, ಹದಿನೈದು ನಿಮಿಷಕ್ಕೊಮ್ಮೆ ತಲೆ ತೆಗೆದು ನೀರು. ತಲೆ ತೆಗೆಯೋದು ಮಾತ್ರ ಮಕ್ಕಳ ಎದುರಿಗೆ ಬೇಡ.